ಬೂವನಹಳ್ಳಿಯಿಂದ ಬೆಂಗಳೂರಿಗೆ ವಿಮಾನ ಬೇಡ, ಮುಂಬೈಗೆ ಕೊಡಿ

ಮಾನ್ಯ ಮೂಲಸೌಕರ್ಯ ಅಭಿವೃದ್ಧಿ ಸಚಿವರಿಗೆ, ಹಾಸನದಿಂದ ನಮಸ್ಕಾರ.

ಬೂವನಹಳ್ಳಿಯಲ್ಲಿರುವ ನಮ್ಮೂರಿನ ವಿಮಾನ ನಿಲ್ದಾಣದ ಮಾತು ಬಂದಾಗೆಲ್ಲ 'ಬೆಂಗಳೂರಿಗೆ ಅರ್ಧ ಗಂಟೆ, ಮಂಗಳೂರಿಗೆ ಇಪ್ಪತ್ತು ನಿಮಿಷ' ಅನ್ನೋದು ಕೇಳುತ್ತೇವೆ. ಆ ಲೆಕ್ಕವನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಬೂವನಹಳ್ಳಿಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 175 ಕಿ.ಮೀ. ಎಟಿಆರ್ ಅನ್ನೋ ಸಣ್ಣ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸು ಹಾರುತ್ತದೆ. ಕಾಗದದ ಮೇಲೆ ಇಪ್ಪತ್ತೊಂದು ನಿಮಿಷ. ಆದರೆ ವಿಮಾನ ಗೆರೆ ಹಿಡಿದು ಹೋಗುವುದಿಲ್ಲ. ರನ್‌ವೇ ತನಕ ಉರುಳಬೇಕು, ಮೇಲೇರಬೇಕು, ಪೂರ್ತಿ ವೇಗ ಹಿಡಿಯೋ ಹೊತ್ತಿಗೆ ಇಳಿಯಲು ಶುರು ಮಾಡಬೇಕು, ಅಲ್ಲಿ ಬೇರೆ ವಿಮಾನಗಳ ಸಾಲಿನಲ್ಲಿ ಜಾಗ ಸಿಗುವ ತನಕ ಸುತ್ತು ಹಾಕಬೇಕು. ಶಿವಮೊಗ್ಗ ನೋಡಿ. ಅಲ್ಲಿನ ಸೊಗಾನೆ ನಿಲ್ದಾಣದಿಂದ ಬೆಂಗಳೂರಿಗೆ ನೇರ ದೂರ ಸುಮಾರು 240 ಕಿ.ಮೀ. ಅಷ್ಟೇ, ಆದರೂ 2023ರ ಆಗಸ್ಟ್‌ನಲ್ಲಿ ಹಾರಾಟ ಶುರುವಾದಾಗ ವೇಳಾಪಟ್ಟಿಯಲ್ಲಿ ಕೊಟ್ಟಿದ್ದು ಒಂದು ಗಂಟೆಗೂ ಜಾಸ್ತಿ.

ಇದಕ್ಕೆ ನೆಲದ ಮೇಲಿನ ಹೊತ್ತು ಸೇರಿಸಿ. ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಅಂದರೆ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ದೇವನಹಳ್ಳಿಯಲ್ಲಿ ಇಳಿದು, ಬ್ಯಾಗಿಗೆ ಕಾದು, ಹೆಬ್ಬಾಳ ದಾಟಿ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಹಾಸನ ಬಸ್ ನಿಲ್ದಾಣದಿಂದ ಹೊರಟವರು ಕುಣಿಗಲ್, ನೆಲಮಂಗಲ ದಾಟಿ ಬಂದಿರುತ್ತಾರೆ. ಮಂಗಳೂರಿನ ಕಥೆ ಸ್ವಲ್ಪ ಬೇರೆ. ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಮಣ್ಣು ಕುಸಿದು ಶಿರಾಡಿ ಬಂದ್ ಆದಾಗ ನಮಗೆ ನಿಜಕ್ಕೂ ದಾರಿ ಇರುವುದಿಲ್ಲ. ಆದರೆ ಅದಕ್ಕೆ ಮದ್ದು ಘಾಟಿ ರಸ್ತೆಯನ್ನು ಗಟ್ಟಿ ಮಾಡೋದು. ಅಂಥ ಮಳೆ, ಮೋಡದಲ್ಲಿ ವಿಮಾನವೂ ಕಷ್ಟವೇ.

ನಮಗೆ ಜೀವ ಹೋಗುವುದು ಬೇರೆ ಕಡೆ. ಬೆಂಗಳೂರಿನಿಂದ ಬೆಳಗ್ಗೆ ಆರರ ಮುಂಬೈ ವಿಮಾನ ಹಿಡಿಯಲು ಹಾಸನದವರು ಹನ್ನೊಂದೂವರೆ ರಾತ್ರಿಗೇ ಮನೆ ಬಿಡಬೇಕು, ಚಿಕ್ಕಮಗಳೂರಿನವರು ಅದಕ್ಕೂ ಒಂದು ಗಂಟೆ ಮುಂಚೆ. ನಿದ್ದೆಗಣ್ಣಿನ ಡ್ರೈವರ್, ಯಡಿಯೂರಿನ ಹತ್ತಿರ ಒಂದು ಟೀ, ಹಿಂದಿನ ಸೀಟಿನಲ್ಲಿ ಕುತ್ತಿಗೆ ವಾಲಿಸಿಕೊಂಡು ಮಲಗಿದ ಅಪ್ಪ ಅಮ್ಮ. ಹಾಸನದಿಂದ ಮುಂಬೈಗೆ ನೇರ ದೂರ ಸುಮಾರು 750 ಕಿ.ಮೀ., ಹೈದರಾಬಾದಿಗೆ 530. ಎಟಿಆರ್ ಆದರೂ ಎರಡು ಗಂಟೆ ಆಚೀಚೆಯಲ್ಲಿ ಮುಟ್ಟುತ್ತದೆ. ಇದರಿಂದ ಉಳಿತಾಯ ಆಗುವುದು ಇಡೀ ಒಂದು ರಾತ್ರಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿವೆ, ಕಾಫಿಯವರಿಗೆ ವ್ಯವಹಾರ ಇದೆ, ಹೊರ ರಾಜ್ಯದಲ್ಲಿ ಕೆಲಸ ಮಾಡುವ ಮಕ್ಕಳಿದ್ದಾರೆ. ಜನ ಬರ್ತಾರೆ ಸಾರ್.

2007ರಲ್ಲಿ ಅಡಿಗಲ್ಲು ಹಾಕಿದ ನಿಲ್ದಾಣ ಇದು. ಜಮೀನು ಬಿಟ್ಟುಕೊಟ್ಟ ರೈತರ ಕಣ್ಣೆದುರೇ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಇಷ್ಟಾದ ಮೇಲೆ ಸುಮ್ನೆ ಬೆಂಗಳೂರಿಗೆ ಒಂದು ವಿಮಾನ ಬಿಟ್ಟು, ಸೀಟು ತುಂಬಲಿಲ್ಲ ಅಂತ ನಿಲ್ಲಿಸಿದರೆ ಅವರಿಗೆ ಏನು ಹೇಳ್ತೀರಿ?

ಹಾಗಾಗಿ ಮಾರ್ಗ ಕೇಳುವಾಗ ಮೊದಲ ಹೆಸರು ಮುಂಬೈ ಇರಲಿ, ಎರಡನೆಯದು ಹೈದರಾಬಾದ್. ಅಲ್ಲಿಯ ತನಕ ಸೊಗಾನೆಯ ವಿಮಾನಗಳ ಸಮಯಕ್ಕೆ ಹೊಂದುವಂತೆ ಹಾಸನದಿಂದ ಅರಸೀಕೆರೆ, ಕಡೂರು, ತರೀಕೆರೆ ಮೇಲೆ ಒಂದು ಬಸ್, ಚಿಕ್ಕಮಗಳೂರಿನಿಂದ ಇನ್ನೊಂದು ಬಸ್ ಬಿಡಿಸಿ. ಇದಕ್ಕೆ ಹೊಸ ರನ್‌ವೇ ಬೇಕಿಲ್ಲ, ಸಾರಿಗೆ ಸಚಿವರ ಜೊತೆ ಒಂದು ಸಲ ಕೂತು ಮಾತಾಡಿದರೆ ಆಗುತ್ತದೆ.

ಇಂತಿ,
ಹಾಸನದ ಒಬ್ಬ ಪ್ರಯಾಣಿಕ