ಉಂಗುರದಂಥ ಕಲೆ ಎಂದರೆ ಕ್ಯಾನ್ಸರ್ರೇ ಆಗಬೇಕಿಲ್ಲ

ಪ್ರೀತಿಯ ಅಕ್ಕನಿಗೆ,

ಭಾವನ ಸ್ಕ್ಯಾನ್ ರಿಪೋರ್ಟ್ ಓದಿದೆ. ಮೆದುಳಿನಲ್ಲಿ ಉಂಗುರದಂಥ ಒಂದು ಕಲೆ, ಸುತ್ತ ಊತ, ಅಷ್ಟೇ ಬರೆದಿದ್ದಾರೆ. ಕ್ಯಾನ್ಸರ್ ಅಂತ ಎಲ್ಲೂ ಇಲ್ಲ. ನೋಡಲು ಬಂದವರ ಮಾತು ಕೇಳಿ ಅಳುತ್ತಾ ಕೂರಬೇಡ.

ಇಲ್ಲಿ ನಾನು ದಿನವೂ ನೋಡುವುದು ಇಂಥ ಚಿತ್ರಗಳನ್ನೇ. ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ಅನ್ನುವ ಔಷಧಿ ಕೊಟ್ಟಾಗ ಅಂಚು ಬೆಳ್ಳಗೆ, ನಡು ಕಪ್ಪಗೆ ಕಾಣುವ ಕಲೆ ಕ್ಯಾನ್ಸರ್ ಗಡ್ಡೆಯಲ್ಲೂ ಬರುತ್ತದೆ, ಕೀವುಗಡ್ಡೆಯಲ್ಲೂ ಬರುತ್ತದೆ, ಟಿಬಿಯಲ್ಲೂ ಬರುತ್ತದೆ. ಲಾಡಿಹುಳುವಿನ ಮರಿ ಮೆದುಳು ಸೇರಿದ್ದರೂ ಹೀಗೇ. ಅದಕ್ಕೆ ನ್ಯೂರೋಸಿಸ್ಟಿಸರ್ಕೋಸಿಸ್ ಅನ್ನುತ್ತಾರೆ. ಫಿಟ್ಸ್ ಬರಲು ಅದೊಂದು ದೊಡ್ಡ ಕಾರಣ.

ಒಳ್ಳೆಯ ಎಂಆರ್‌ಐ ಮಾಡಿಸಿದರೆ ಕೆಲವೊಮ್ಮೆ ಆ ಮರಿಹುಳುವಿನ ನೀರಿನ ಚೀಲದೊಳಗೆ ಒಂದು ಚುಕ್ಕಿ ಕಾಣುತ್ತದೆ. ಅದು ಹುಳುವಿನ ತಲೆ. ಅದು ಸ್ಪಷ್ಟವಾಗಿ ಕಂಡರೆ ಹುಳುವೇ ಅಂತ ಹೇಳಬಹುದು. ತೊಂದರೆ ಏನೆಂದರೆ, ಹುಳು ಬದುಕಿರುವಾಗ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ. ಅದು ಸಾಯತೊಡಗಿದಾಗ ದೇಹ ಅದರ ಮೇಲೆ ದಾಳಿ ಮಾಡುತ್ತದೆ. ಆಗಲೇ ಊತ, ಆಗಲೇ ಫಿಟ್ಸ್. ಅಷ್ಟರಲ್ಲಿ ಆ ಚುಕ್ಕಿಯೂ ಮಾಸಿರಬಹುದು. ಗಡ್ಡೆ ಅಂತ ಗೊಂದಲವಾಗುವುದು ಹೆಚ್ಚಾಗಿ ಈ ಹಂತದಲ್ಲೇ.

ಆಗ ರಕ್ತದ ಹರಿವು ಅಳೆಯುವ ಪರ್ಫ್ಯೂಷನ್ ಎಂಆರ್‌ಐ ಸಹಾಯಕ್ಕೆ ಬರುತ್ತದೆ. ಜೋರಾಗಿ ಬೆಳೆಯುವ ಕ್ಯಾನ್ಸರ್ ಗಡ್ಡೆ ಹೊಸ ರಕ್ತನಾಳ ಕಟ್ಟಿಕೊಳ್ಳುತ್ತದೆ, ಅದರ ಅಂಚಿನಲ್ಲಿ ರಕ್ತ ಜಾಸ್ತಿ. ಸಾಯುತ್ತಿರುವ ಹುಳುವಿನ ಸುತ್ತ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಮೆದುಳಿನ ಬೇರೆ ಕಡೆ ಸುಣ್ಣಗಟ್ಟಿದ ಸಣ್ಣ ಚುಕ್ಕಿಗಳಿದ್ದರೆ ಅದೂ ಹುಳುವಿನ ಕಡೆಗೇ ಬೊಟ್ಟು ಮಾಡುತ್ತದೆ. ಆದರೆ ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ಹುಳು ಇಲ್ಲ ಅನ್ನುವ ಹಾಗಿಲ್ಲ. ಒಂದೇ ಕಲೆ ಇದ್ದಾಗ ಆ ಪರೀಕ್ಷೆಯಲ್ಲಿ ಹುಳು ಗೊತ್ತಾಗದೆ ಹೋಗಬಹುದು. ಊತ ಇಳಿಸುವ ಸ್ಟೀರಾಯ್ಡ್ ಕೊಟ್ಟಾಗ ಕಲೆ ಕುಗ್ಗಿತು ಅಂತ ನಿರಾಳವಾಗುವುದೂ ಬೇಡ, ಲಿಂಫೋಮಾ ಅನ್ನುವ ಕ್ಯಾನ್ಸರ್ ಕೂಡ ಹಾಗೆ ಕುಗ್ಗುತ್ತದೆ. ಇಷ್ಟಾದರೂ ತಿಳಿಯದಿದ್ದರೆ ಬಯಾಪ್ಸಿ, ಅಂದರೆ ಕಲೆಯ ಚೂರು ತೆಗೆದು ಮಾಡುವ ಪರೀಕ್ಷೆ, ಬೇಕಾಗಬಹುದು. ಡಾಕ್ಟರ್ ಹಾಗೆ ಹೇಳಿದರೆ ಹೆದರಿ ಮುಂದೂಡಬೇಡಿ.

ಹಂದಿ ಮಾಂಸವನ್ನೇ ಮುಟ್ಟದವರಿಗೆ ಈ ಹುಳು ಹೇಗೆ ಬರುತ್ತೆ ಅಂತ ನೀನು ಕೇಳಿದ್ದೆ ಅಲ್ವಾ? ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿರುವ ಮೊಟ್ಟೆ ಕೈಯಿಂದಲೋ ನೀರಿನಿಂದಲೋ ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿ ಮೆದುಳಿಗೆ ಹೋಗುತ್ತದೆ. ಮಾಂಸ ತಿನ್ನದವರಿಗೂ ಬರುವುದು ಹೀಗೆ.

ಹುಳುವಿನ ಮಾತ್ರೆ ತಾನೇ ಅಂತ ಆಲ್ಬೆಂಡಜೋಲ್ ಸುಮ್ನೆ ತಂದು ಕೊಡಬೇಡ. ಹುಳು ಸಾಯುವಾಗ ಊತ ಏರುತ್ತದೆ. ಅದಕ್ಕೇ ಮೊದಲು ಕಣ್ಣಿನಲ್ಲೂ ಹುಳು ಇದೆಯೇ ಅಂತ ಪರೀಕ್ಷೆ ಮಾಡಿ, ಸ್ಟೀರಾಯ್ಡ್ ಶುರು ಮಾಡಿ, ಆಮೇಲೆ ಅದನ್ನು ಕೊಡುತ್ತಾರೆ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜು ಅಥವಾ ಮಂಪರು ಕಂಡರೆ ನನ್ನ ಫೋನಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಎಂಆರ್‌ಐ ಆದಮೇಲೆ ಸಿಡಿಯಲ್ಲಿರುವ ಪೂರ್ತಿ ಫೈಲ್ ಕಳಿಸು. ಫಿಲ್ಮಿನ ಫೋಟೋದಲ್ಲಿ ಆ ಚುಕ್ಕಿ ಕಾಣುವುದಿಲ್ಲ.

ನಿನ್ನ ತಂಗಿ