ವಿಡಿಯೋ ಕಳ್ಸೋಕೆ ಆಗಲ್ಲ ಅಮ್ಮಾ, ಅದಕ್ಕೇ ಈ ಕಾಗದ

ಡಬ್ಲಿನ್
ಶುಕ್ರವಾರ ರಾತ್ರಿ

ಅಮ್ಮಂಗೆ, ಅಕ್ಕಂಗೆ, ಬಾವಂಗೆ ನಮಸ್ಕಾರ.

ಅಕ್ಕಾ, ವಾಟ್ಸಾಪಲ್ಲಿ ಕಳ್ಸ್ತಿರೋ ಈ ಕಾಗದಾನ ಅಮ್ಮಂಗೆ ನಿಧಾನಕ್ಕೆ ಓದಿ ಹೇಳು, ಫೋನಲ್ಲಿ ಹೇಳಿದ್ರೆ ಅರ್ಧದಲ್ಲೇ ಬೈಯ್ಯೋಕೆ ಶುರು ಮಾಡುತ್ತೆ ಅಂತಾನೇ ಬರೀತಿದೀನಿ.

ಅಮ್ಮಾ, ಪುಟ್ಟಿ ಕಾಂಪಿಟೇಷನ್ ಭಾನುವಾರ. ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕು ಅಂತಿದೀಯಲ್ಲ, ಅದು ಆಗಲ್ಲ. ಐರಿಶ್ ಡ್ಯಾನ್ಸ್ ಸ್ಪರ್ಧೆಗೆ ಇಲ್ಲಿ ಫೆಶ್ ಅಂತಾರೆ, ಅಲ್ಲಿ ಮಕ್ಕಳು ಕುಣಿಯೋವಾಗ ಫೋಟೋನೂ ತೆಗಿಯೋ ಹಾಗಿಲ್ಲ ವಿಡಿಯೋನೂ ಮಾಡೋ ಹಾಗಿಲ್ಲ, ಸ್ವಂತ ಮಗಳಾದ್ರೂ ಅಷ್ಟೇ. ಸ್ಟೇಜ್ ಮೇಲೆ ಒಂದೇ ಸಲಕ್ಕೆ ಎರಡು ಮೂರು ಮಕ್ಕಳು ಕುಣೀತಿರ್ತಾರೆ, ಬೇರೆಯವರ ಮಕ್ಕಳೂ ಅದರಲ್ಲಿ ಬಂದ್ಬಿಡ್ತಾರಲ್ಲ. ನಂಗೇನೋ ಈ ರೂಲ್ಸ್ ಇಷ್ಟಾನೇ ಆಯ್ತು. ಮಡಿಕೇರಿ ಮಕ್ಕಳ ದಸರಾದಲ್ಲಿ ಗಾಂಧಿ ಮೈದಾನದಲ್ಲಿ ಅಪ್ಪಂದಿರೆಲ್ಲ ಮೊಬೈಲ್ ಎತ್ಕೊಂಡು ಮುಂದೆ ನಿಂತ್ರೆ ಹಿಂದೆ ಕೂತಿರೋ ಅಜ್ಜಿಯಂದಿರಿಗೆ ಏನು ಕಾಣುತ್ತೆ ಹೇಳು.

ಡ್ಯಾನ್ಸ್ ಹೆಂಗಿರುತ್ತೆ ಅಂದ್ರೆ, ಕೈ ಎರಡೂ ಪಕ್ಕಕ್ಕೆ ನೆಟ್ಟಗೆ ಇಟ್ಕೊಂಡಿರ್ಬೇಕು, ಅಲ್ಲಾಡಿಸೋ ಹಾಗೇ ಇಲ್ಲ, ಕೆಲಸ ಎಲ್ಲ ಕಾಲಿಂದೇ. ಕೊಡವ ಹೆಂಗಸರು ಉಮ್ಮತ್ತಾಟ್ ಕುಣಿತದಲ್ಲಿ ತಾಳ ಹಿಡ್ಕೊಂಡು ಬಾಗಿ ಬಾಗಿ ಆಡೋದು ನೋಡಿ ಬೆಳೆದ ನಮಗೆ ಮೊದಮೊದಲು ಇದು ಶಾಲೆಲಿ ಅಟೆನ್ಷನ್ ನಿಲ್ಸಿದ ಮಗು ಕುಣಿದಂಗೆ ಕಾಣ್ತಿತ್ತು, ಈಗ ಕಣ್ಣು ಕಾಲಿನ ಮೇಲೇ ಹೋಗುತ್ತೆ. ಅವಳು ಇನ್ನೂ ಬಿಗಿನರ್, ರೀಲ್ ಮತ್ತೆ ಲೈಟ್ ಜಿಗ್ ಅನ್ನೋ ಎರಡು ಕುಣಿತ ಅಷ್ಟೇ. ಅಕಾರ್ಡಿಯನ್ ಬಾರಿಸೋವ್ರು ಸ್ಟೇಜ್ ಪಕ್ಕದಲ್ಲೇ ಕೂತಿರ್ತಾರೆ, ಪಾದ ಮುಂದೆ ಚಾಚಿ ನಿಂತ್ಕೊಂಡು 8 ಬಾರ್, ಅಂದ್ರೆ ತಾಳದ 8 ಸುತ್ತು, ಕಾದು ಆಮೇಲೆ ಶುರು ಮಾಡ್ಬೇಕು, ಒಂದು ಸ್ಟೆಪ್ಪನ್ನ ಬಲಗಾಲಲ್ಲಿ ಮಾಡಿದ್ಮೇಲೆ ಅದನ್ನೇ ಎಡಗಾಲಲ್ಲೂ ಮಾಡ್ಬೇಕು. ನಮ್ಮವಳ ಕಷ್ಟ ಎಲ್ಲ ಆ ಎಡಗಾಲಲ್ಲೇ ಇರೋದು.

ಈಗ ತಯಾರಿ ವಿಷಯ. ಇದು ಕೇಳಿ ಬೈಬೇಡ, ಅವಳ ತಲೆಗೆ ಬುಧವಾರದಿಂದ ಎಣ್ಣೆ ಹಾಕಿಲ್ಲ. ನೀನು ಕಳ್ಸಿದ ಕೊಬ್ಬರಿ ಎಣ್ಣೆ ಹಚ್ಚಿದ್ರೆ ಗುಂಗುರೂ ನಿಲ್ಲಲ್ಲ ಪಿನ್ನೂ ನಿಲ್ಲಲ್ಲ. ನಾಳೆ ರಾತ್ರಿ ಒದ್ದೆ ಕೂದಲಿಗೆ ಸ್ಪಂಜಿನ ರೋಲರ್ ಸುತ್ತಿ ಮಲಗಿಸ್ತೀವಿ, ಅದು ನನ್ನ ಡ್ಯೂಟಿ, ನನ್ನ ಹೆಂಡ್ತಿ ಕೈಗಿಂತ ನನ್ನ ಕೈಲಿ ಗಟ್ಟಿ ಕೂರುತ್ತಂತೆ. ದೊಡ್ಡ ಹುಡುಗಿಯರು ವಿಗ್ಗೇ ಹಾಕ್ಕೊಂಡು ಬರ್ತಾರೆ, ಮಿಂಚೋ ಕಲ್ಲಿನ ಡ್ರೆಸ್ ಬೇರೆ, ಅದು ಹೊಸದಾದ್ರೆ 1000 ಯೂರೋ ದಾಟುತ್ತೆ, ಒಂದು ಚೀಲ ಕಾಫಿ ಮಾರಿದ್ರೂ ಸಾಲದು ಬಾವಾ. ಸದ್ಯ ಬಿಗಿನರ್ಸಿಗೆ ಅದೆಲ್ಲ ಬೇಡ, ಕ್ಲಾಸಿನ ಡ್ರೆಸ್ ಸಾಕು.

ಸಾಕ್ಸ್ ಜಾರಬಾರ್ದು ಅಂತ ಕಾಲಿಗೆ ಗೋಂದು ಹಚ್ತಾರೆ ಅಂದ್ರೆ ನಂಬ್ತೀಯಾ? ಡಿಯೋಡರೆಂಟ್ ಥರ ಉರುಳಿಸಿ ಹಚ್ಚೋದು, ಆಮೇಲೆ ಬಿಸಿನೀರಲ್ಲಿ ತೊಳೆದ್ರೆ ಹೋಗುತ್ತೆ. ಶೂ ಅಂದ್ರೆ ಮೆತ್ತನೆ ಕಪ್ಪು ಚರ್ಮದ್ದು, ಉದ್ದ ಲೇಸ್, ಬಿಗಿಯಾಗಿ ಕಟ್ಟಿಲ್ಲ ಅಂದ್ರೆ ಕುಣಿಯೋವಾಗಲೇ ಬಿಚ್ಕೊಳ್ಳುತ್ತೆ ಅಂತ ಟೀಚರ್ ಹೆದರಿಸಿಟ್ಟಿದ್ದಾರೆ, ಹಾಗಾಗಿ ಬ್ಯಾಗಲ್ಲಿ ಇನ್ನೊಂದು ಜೊತೆ ಲೇಸು, ಇನ್ನೊಂದು ಜೊತೆ ಸಾಕ್ಸು, ಸೂಜಿ ದಾರ, ನಂಬರ್ ಚೀಟಿ ಸಿಕ್ಕಿಸೋಕೆ ಸೇಫ್ಟಿ ಪಿನ್. ಡ್ರೆಸ್ ಮೇಲೆ ಹಾಕ್ಕೊಳ್ಳೋಕೆ ನನ್ನ ಹಳೇ ಶರ್ಟು, ಯಾಕಂದ್ರೆ ಅವಳ ನಂಬರ್ ಬರೋವರೆಗೂ ಎಷ್ಟು ಹೊತ್ತಾದ್ರೂ ಕಾಯ್ಬೇಕು, ಅಷ್ಟರಲ್ಲಿ ಏನಾದ್ರೂ ತಿಂದೇ ತಿಂತಾಳೆ. ಇವಳು ಚಿತ್ರಾನ್ನ ಮಾಡ್ತೀನಿ ಅಂದ್ಳು, ನಾನು ಬಿಡ್ಲಿಲ್ಲ, ಬಿಳಿ ಸಾಕ್ಸಿಗೆ ಅರಿಶಿನ ಆದ್ರೆ ಆಯ್ತು ಕತೆ! ಬಾಳೆಹಣ್ಣು, ಅಕ್ಕಿರೊಟ್ಟಿ, ಬೆಣ್ಣೆ, ಅಷ್ಟೇ.

ಬೆಳಿಗ್ಗೆ ಕತ್ತಲಲ್ಲೇ ಹೊರಡ್ಬೇಕು, ಇಲ್ಲಿ ನವೆಂಬರಲ್ಲಿ 8 ಗಂಟೆ ಹತ್ರ ಬೆಳಕಾಗೋದು. ನಿಮಗೂ ನಮಗೂ ಈಗ ಐದೂವರೆ ಗಂಟೆ ವ್ಯತ್ಯಾಸ, ಮುಗಿಯೋವಾಗ ನಿಮಗೆ ಸಂಜೆ ಆಗಿರುತ್ತೆ, ನಾವೇ ಫೋನ್ ಮಾಡ್ತೀವಿ, ಮಧ್ಯದಲ್ಲಿ ನೀವು ಮಾಡ್ಬೇಡಿ. ಸ್ಟೇಜಿಂದ ಇಳಿದ್ಮೇಲೆ ಡ್ರೆಸ್ಸಲ್ಲಿ ಒಂದು ಫೋಟೋ ತೆಗೆದು ಕಳ್ಸ್ತೀನಿ, ಅದಕ್ಕೆ ಯಾರೂ ಬೇಡ ಅನ್ನಲ್ಲ.

ಅಕ್ಕಾ, ಕಾಫಿ ಕುಯ್ಲಿಗೆ ಜನ ಸಿಕ್ಕಿದ್ರಾ? ಸೋಮವಾರಪೇಟೆ ಕಡೆ ಮತ್ತೆ ಮೋಡ ಅಂತ ಕೇಳ್ದೆ, ಕಣದಲ್ಲಿ ಹಣ್ಣಿದ್ರೆ ಟಾರ್ಪಾಲ್ ರೆಡಿ ಇಟ್ಕೊಳ್ಳಿ. ಅಮ್ಮನ ಮಂಡಿನೋವು ಹೆಂಗಿದೆ ಅಂತ ನಿಜ ಬರಿ, ಅವ್ಳು ಯಾವಾಗ ಕೇಳಿದ್ರೂ ಪರವಾಗಿಲ್ಲ ಅಂತಾಳೆ.

ಇನ್ನೊಂದು. ಭಾನುವಾರ ಪುಟ್ಟಿ ಫೋನಿಗೆ ಬಂದಾಗ ಪ್ರೈಜ್ ಬಂತಾ ಅಂತ ಮೊದಲೇ ಕೇಳ್ಬೇಡ ಅಮ್ಮಾ, ಎಡಗಾಲಿನ ಸ್ಟೆಪ್ ಸರಿ ಬಂತಾ ಅಂತ ಕೇಳು, ಅಜ್ಜಿಗೆ ಅದೂ ಗೊತ್ತಿದೆ ಅಂದ್ರೆ ಅರ್ಧ ಗಂಟೆ ಫೋನ್ ಇಡಲ್ಲ.

ನಿಮ್ಮ ತಮ್ಮು