ಮುಖವನ್ನು ಗಮನಿಸಿದವರಿಗೆ

ಮಗಳ ಫಿಟ್ಸ್ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾ ಬಂದಿದ್ದ ವೈದ್ಯರು ಈ ತಿಂಗಳು ಪೂರ್ತಿ ನಿಲ್ಲಿಸಿದ್ದಾರೆ. ಸಿಹಿ ಹಂಚಿದ್ದಾಯಿತು, ಉಪಕಾರ ಸ್ಮರಿಸುವುದು ಬಾಕಿ ಇತ್ತು.

ಮೊದಲ ಋಣ ನಮ್ಮ ಅತ್ತೆಯವರದು. ಮಗು ಮಲಗುತ್ತಿದ್ದುದು ಅವರ ಪಕ್ಕದಲ್ಲೇ. ಬೆಳಗಿನ ಜಾವ ಏನಾಗುತ್ತದೆಂದು ಹೇಳಲು ನಾವು ತಡವರಿಸುತ್ತಿದ್ದರೆ ಅವರು ಬಿಡಿಸಿ ಹೇಳಿದರು: "ಮೊದಲು ಬಲಗಡೆ ತುಟಿಯ ಅಂಚು ಅದುರುತ್ತದೆ. ಆಮೇಲೆ ಕೆನ್ನೆ ಎಳೆದುಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ. ಮಾತು ಹೊರಡುವುದಿಲ್ಲ. ಕರೆದರೆ ಮಾತ್ರ ಕಣ್ಣು ನನ್ನ ಕಡೆಗೇ ತಿರುಗುತ್ತದೆ." ವೈದ್ಯರು ಪೆನ್ನು ಕೆಳಗಿಟ್ಟು, "ಇನ್ನೊಮ್ಮೆ ಹೇಳಿ ಅಮ್ಮಾ" ಎಂದರು.

ಎರಡನೆಯದು ಮೈದುನನದು. ಮಗು ಒದ್ದಾಡುವಾಗ ಮೊಬೈಲ್ ಹಿಡಿದನೆಂದು ಮನೆಯವರೆಲ್ಲ ಅವನ ಮೇಲೆ ಹರಿಹಾಯ್ದರು. ವೈದ್ಯರಿಗೆ ಬೇಕಾಗಿದ್ದುದೇ ಆ ವಿಡಿಯೊ.

ಇವೆರಡರ ಆಧಾರದ ಮೇಲೆ ಅವರು ರೋಲ್ಯಾಂಡಿಕ್ ಎಪಿಲೆಪ್ಸಿ ಎಂಬ ಬಗೆಯ ಫಿಟ್ಸ್ ಇರಬಹುದೆಂದರು. ಇದರಲ್ಲಿ ಮುಖ, ನಾಲಿಗೆ, ಗಂಟಲನ್ನು ಆಡಿಸುವ ಮಿದುಳಿನ ಭಾಗದಲ್ಲಿ ವಿದ್ಯುತ್ ಸಂಚಾರ ಹದ ತಪ್ಪುತ್ತದೆ. ಎಡಗಡೆ ತಪ್ಪಿದರೆ ಬಲಗೆನ್ನೆ ಅದುರುತ್ತದೆ. ನಿದ್ದೆಯಲ್ಲಿ ತೆಗೆದ ಇಇಜಿಯೂ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಅದನ್ನೇ ಹೇಳಿತು. ಬಹುತೇಕ ಮಕ್ಕಳಲ್ಲಿ ಸುಮಾರು 16ನೇ ವಯಸ್ಸಿನೊಳಗೆ ಇದು ತಾನಾಗಿಯೇ ನಿಲ್ಲುತ್ತದಂತೆ. ಅದನ್ನು ಕೇಳಿದ ಮೇಲೆಯೇ ನಮಗೆ ಊಟ ಗಂಟಲಲ್ಲಿ ಇಳಿದದ್ದು.

ಬೇರೆ ಮಕ್ಕಳ ಮುಖ ಬೇರೆ ಸುಳಿವು ಕೊಡುತ್ತದೆ ಎಂದೂ ಅವರು ವಿವರಿಸಿದರು. ಕೆಲವರು ಸಂತೋಷವೇ ಇಲ್ಲದೆ ನಗುತ್ತಾರೆ. ಮಿದುಳಿನ ಆಳದಲ್ಲಿರುವ ಹೈಪೊಥಾಲಮಸ್ ಎಂಬ ಭಾಗದಲ್ಲಿನ ಗಂಟು ಅದಕ್ಕೆ ಕಾರಣವಾಗಿರಬಹುದು. ಕೆಲವರು ದಿಢೀರನೆ ಹೆದರಿ ಅಮ್ಮನನ್ನು ತಬ್ಬಿಕೊಳ್ಳುತ್ತಾರೆ, ಕೆಲವರು ಶೂನ್ಯವನ್ನು ದಿಟ್ಟಿಸುತ್ತಾ ಬಾಯಿ ಚಪ್ಪರಿಸುತ್ತಾರೆ. ಇದನ್ನೆಲ್ಲ ಹಠ, ದೃಷ್ಟಿ, ಗಾಳಿ ಎಂದು ತಳ್ಳಿಹಾಕುವ ಮನೆಗಳು ನಮ್ಮ ಕಡೆ ಕಡಿಮೆಯೇನಿಲ್ಲ.

ಇಇಜಿ ತೆಗೆದ ಆ ತಂಗಿಗೂ ನಮಸ್ಕಾರ. ಅಂಟನ್ನು ಬೆಚ್ಚಗಿನ ನೀರಿನಿಂದ ಒರೆಸಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿಯೇ ಮಗುವನ್ನು ಕಳುಹಿಸಿದಳು. ತರಗತಿಯ ಮಕ್ಕಳಿಗೆ ವಿಷಯವನ್ನು ಸಹಜವಾಗಿ ತಿಳಿಸಿದ ಶಿಕ್ಷಕಿಗೂ ಋಣಿಗಳು.

ಫಿಟ್ಸ್ ಬಂದಾಗ ಮಗುವಿನ ಕೈಗೆ ಬೀಗದ ಕೈಗಳ ಗೊಂಚಲು ಕೊಡಲು ಓಡಿಬಂದ ನೆರೆಯವರ ಪ್ರೀತಿಯನ್ನು ಮರೆಯುವಂತಿಲ್ಲ. ಆದರೆ ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ನಿದ್ದೆಗೆಡಬಾರದು ಎಂಬುದೊಂದೇ ಈಗ ಮಗಳಿಗೆ ಉಳಿದಿರುವ ಕಟ್ಟಳೆ. ಕ್ರಿಕೆಟ್ ಇದ್ದ ರಾತ್ರಿ ಅದನ್ನು ಮುರಿಯಲು ಅವಳಿಗೆ ಕುಮ್ಮಕ್ಕು ಕೊಡುವವನು ಅದೇ ಚಿಕ್ಕಪ್ಪ.